ಕರಿ ಬಳಿಯುವ ಮೊದಲು

(ಮೂಡಿಗೆರೆ ಸೀಮೆಯ ಒಂದು ಗ್ಯಾರೇಜು. ಮೇ ತಿಂಗಳ ಕೊನೆಯ ವಾರ. ಮಾತಾಡುತ್ತಿರುವವರಲ್ಲಿ ಒಬ್ಬರು ಕಾಫಿ, ಅಡಿಕೆ ಎರಡೂ ಇರುವ ತೋಟದ ಒಡತಿ. ಇನ್ನೊಬ್ಬರು ಜೀಪುಗಳ ಅಡಿಯಲ್ಲೇ ತಲೆ ನರೆಸಿಕೊಂಡ ಮೆಕ್ಯಾನಿಕ್.)

ತೋಟದವರು: ಅಣ್ಣಾ, ಮಳೆ ಹಿಡಿಯೋದರೊಳಗೆ ಈ ಹೊಸ ಗಾಡಿಗೆ ಅಡಿಯಿಂದ ಕರಿ ಹೊಡೆದುಕೊಡಿ. ಅಂಡರ್‌ಕೋಟಿಂಗ್ ಅಂತಾರಲ್ಲ, ಅದು. ಒಂದು ಸಲ ಹೊಡೆಸಿದರೆ ಮತ್ತೆ ತುಕ್ಕಿನ ಚಿಂತೆಯೇ ಇಲ್ಲವಂತೆ.

ಗ್ಯಾರೇಜಿನವರು: ಹಾಗಂತ ಹೇಳಿದವರು ಗಾಡಿ ಅಡಿಗೆ ಮಲಗಿ ನೋಡಿದವರಾ, ಡಬ್ಬಿ ಮಾರುವವರಾ?

ತೋಟದವರು: ಬಂದ ಕೂಡಲೇ ತಗಾದೆ ತೆಗೀಬೇಡಿ ಮಾರಾಯ್ರೆ. ಹೊಡೀತೀರೋ ಇಲ್ಲವೋ?

ಗ್ಯಾರೇಜಿನವರು: ಹೊಡೀತೀನಿ, ಇವತ್ತಲ್ಲ. ಮೊದಲು ಆ ಮೂಲೆಯಲ್ಲಿರೋ ಹಳೇ ಜೀಪು ನೋಡಿ ಬನ್ನಿ. ಅದಕ್ಕೂ ಕರಿ ಹೊಡೆಸಿದ್ದರು. ಈ ಸಣ್ಣ ಸುತ್ತಿಗೆ ಹಿಡೀರಿ. ಎಂಜಿನ್ ಕೆಳಗೆ ಚಾಸಿಸ್ ಮೇಲೆ ಮೆಲ್ಲಗೆ ತಟ್ಟಿ.

ತೋಟದವರು: ಟಣ್ ಅಂತು.

ಗ್ಯಾರೇಜಿನವರು: ಹಿಂದಕ್ಕೆ ಬನ್ನಿ. ಹಿಂದಿನ ಚಕ್ರದ ನೇರಕ್ಕೆ ಚಾಸಿಸ್ ಮೇಲಕ್ಕೆ ಬಾಗಿದೆಯಲ್ಲ, ಅಲ್ಲಿ ತಟ್ಟಿ.

ತೋಟದವರು: ದಬ್ ಅಂತು. ಅಯ್ಯೋ, ಸುತ್ತಿಗೆ ಮೂತಿ ಒಳಗೇ ಹೋಯ್ತಲ್ಲ!

ಗ್ಯಾರೇಜಿನವರು: ಕರಿ ಪದರ ಗಟ್ಟಿಯಾಗೇ ಇದೆ. ಅದರ ಹಿಂದೆ ಕಬ್ಬಿಣ ಇಲ್ಲ. ಡಾಂಬರಿನ ಜಾತಿಯ ಕೋಟಿಂಗು ಒಣಗಿದ ಮೇಲೆ ಗಡಸಾಗುತ್ತೆ. ಜಲ್ಲಿ ಬಡಿದರೆ, ಬಂಡೆಗೆ ಉಜ್ಜಿದರೆ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತೆ. ಆ ಬಿರುಕಿನಲ್ಲಿ ನೀರು ಇಳಿಯುತ್ತೆ, ಇಳಿದದ್ದು ಒಣಗಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಬೇಡುತ್ತೆ. ಅದಕ್ಕೇ ಉಬ್ಬಿ ಪದರವನ್ನ ಎತ್ತುತ್ತೆ. ಎತ್ತಿದ ಜಾಗಕ್ಕೆ ಇನ್ನಷ್ಟು ನೀರು. ನೋಡುವವರಿಗೆ ಮಾತ್ರ ಹೊರಗೆ ಕರ್ರಗೆ, ನೀಟಾಗಿ ಕಾಣುತ್ತೆ. ಬರೀ ಕಬ್ಬಿಣವಾಗಿದ್ದರೆ ಎರಡು ವರ್ಷ ಮುಂಚೆಯೇ ಕಣ್ಣಿಗೆ ಬೀಳುತ್ತಿತ್ತು.

ತೋಟದವರು: ಸರಿ, ಮುಂಭಾಗ ಯಾಕೆ ಚೆನ್ನಾಗಿದೆ? ಅದೇ ಮಳೆ, ಅದೇ ಕೆಸರು.

ಗ್ಯಾರೇಜಿನವರು: ಹಳೇ ಡೀಸೆಲ್ ಎಂಜಿನ್ ಅಲ್ವಾ, ಆಯಿಲ್ ಜಿನುಗಿ ಜಿನುಗಿ ಮುಂದಿನ ಚಾಸಿಸ್‌ಗೆ ಅಭ್ಯಂಜನ ಆಗಿಬಿಟ್ಟಿದೆ. ಆಯಿಲ್ ಸೋರುವ ಜೀಪಿನ ಮುಂಭಾಗಕ್ಕೆ ತುಕ್ಕು ಹಿಡಿದದ್ದು ನಾನು ಕಂಡಿದ್ದು ಕಡಿಮೆ.

ತೋಟದವರು: ಹಾಗಾದರೆ ನಮ್ಮ ಮಾವನವರು ಮಾಡುತ್ತಿದ್ದದ್ದೇ ಸರಿ. ವರ್ಷಕ್ಕೊಂದು ಸಲ ಎಂಜಿನ್ನಿಂದ ಇಳಿಸಿದ ಕಪ್ಪು ಆಯಿಲನ್ನ ಬ್ರಷ್ಷಿನಲ್ಲಿ ಅದ್ದಿ ಅಡಿಯೆಲ್ಲ ಬಳಿಸೋರು.

ಗ್ಯಾರೇಜಿನವರು: ಕಬ್ಬಿಣಕ್ಕೆ ಅದರಿಂದ ಒಳ್ಳೇದಾಗಿರಬಹುದು. ಉಳಿದದ್ದಕ್ಕೆಲ್ಲ ಕೆಟ್ಟದ್ದು. ಆ ಆಯಿಲು ಬುಷ್ಷು, ಬ್ರೇಕ್ ಹೋಸು, ಬೂಟುಗಳ ರಬ್ಬರನ್ನ ಊದಿಸಿ ಮೆತ್ತಗೆ ಮಾಡುತ್ತೆ. ಧೂಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತೆ. ಕೈಗೂ ಒಳ್ಳೇದಲ್ಲ, ಚರ್ಮದ ಕ್ಯಾನ್ಸರಿನ ಭಯ ಇದೆ. ಮೊದಲ ಮಳೆಗೆ ಅರ್ಧ ತೊಳೆದು ಹಳ್ಳಕ್ಕೆ ಹೋಗುತ್ತೆ. ನಮ್ಮ ಹಳ್ಳ ಹೋಗಿ ಸೇರೋದು ಎಲ್ಲಿಗೆ?

ತೋಟದವರು: ಹೇಮಾವತಿಗೆ. ಇಲ್ಲೇ ಜಾವಳಿ ಹತ್ತಿರ ಹುಟ್ಟಿ ಹಾಸನದವರಿಗೆ ಕುಡಿಯೋ ನೀರಾಗುತ್ತೆ.

ಗ್ಯಾರೇಜಿನವರು: ಬಳಸಿದ ಆಯಿಲು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡ್ರಮ್ಮಲ್ಲಿ ತುಂಬಿಟ್ಟು, ಪರವಾನಗಿ ಇರೋರಿಗೇ ಕೊಡಬೇಕು. ನೀರು ಸರ್ವಿಸ್ ಮಾಡೋ ಕೆಲವು ಕಡೆ ಗಾಡಿ ತೊಳೆದಾದ ಮೇಲೆ ಅಡಿಗೆ ಡೀಸೆಲ್ ಸ್ಪ್ರೇ ಮಾಡಿ ಫಳಫಳ ಮಾಡಿ ಕಳಿಸುತ್ತಾರೆ, ನೋಡಿದ್ದೀರಲ್ಲ? ಅದೂ ಬೇಡ. ರಬ್ಬರಿಗೆ ಅದೇ ಶಿಕ್ಷೆ, ಡೀಸೆಲು ನಾಲ್ಕು ದಿನವೂ ನಿಲ್ಲಲ್ಲ.

ತೋಟದವರು: ಕರಿ ಬೇಡ, ಆಯಿಲ್ ಬೇಡ, ಡೀಸೆಲ್ ಬೇಡ. ಮಳೆ ಮಾತ್ರ ಬೇಕಾದಷ್ಟು! ನಾಲ್ಕು ತಿಂಗಳು ಗಾಡಿ ಒಣಗೋದೇ ಇಲ್ಲ ಇಲ್ಲಿ.

ಗ್ಯಾರೇಜಿನವರು: ನೀವೆಲ್ಲ ಮಳೇನೇ ಬೈಯ್ತೀರಿ. ಮಳೆ ಒಂದೇ ಆಗಿದ್ದರೆ ಅದು ತೊಳೆದುಕೊಂಡು ಹೋಗೋದು. ಚಾಸಿಸ್ ತಿನ್ನೋದು ಅದಕ್ಕೆ ಮೆತ್ತಿಕೊಂಡು ಕೂತದ್ದು. ನಿಮ್ಮ ಪಿಕಪ್ಪು ಕೆಟ್ಟಿದೆ ಅಂತ ಈ ಗಾಡೀಲಿ ಏನೇನು ಹೇರಿದ್ದೀರಿ, ಹೇಳಿ ನೋಡೋಣ.

ತೋಟದವರು: ಏನು ಮಹಾ. ಗೊಬ್ಬರದ ಚೀಲ. ಕೊಟ್ಟಿಗೆ ಗೊಬ್ಬರವೂ ಒಂದೆರಡು ಸಲ. ಈಗ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋ ಕಾಲ ಅಲ್ವಾ, ಮೈಲುತುತ್ತ ಕಲಸಿದ ಡ್ರಮ್ಮು.

ಗ್ಯಾರೇಜಿನವರು: ಗೊಬ್ಬರದಲ್ಲಿ ಪೊಟ್ಯಾಷ್ ಇತ್ತಾ?

ತೋಟದವರು: ಇತ್ತು, ಎಂಒಪಿ. ಓ... ಅರ್ಥವಾಯ್ತು ಬಿಡಿ. ಅದು ಪೊಟ್ಯಾಸಿಯಂ ಕ್ಲೋರೈಡು. ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಕ್ಲೋರೈಡೇ. ಅಡುಗೆ ಉಪ್ಪಿನ ದಾಯಾದಿ ಅದು. ಹರಿದ ಚೀಲದಿಂದ ಉದುರಿ ನೆಲದ ಮ್ಯಾಟಿನ ಅಡಿ ಸೇರಿದರೆ, ಹಿಂದಿನ ಬಾಗಿಲ ಸಂದಿಯಲ್ಲಿ ಇಳಿದರೆ...

ಗ್ಯಾರೇಜಿನವರು: ಸಮುದ್ರದ ದಂಡೆಗೆ ಹೋಗೋದೇ ಬೇಡ, ಸಮುದ್ರಾನೇ ಗಾಡೀಲಿ ತಂದಿಟ್ಟುಕೊಂಡ ಹಾಗೆ. ಮೈಲುತುತ್ತ ಏನು ಮಾಡುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು.

ತೋಟದವರು: ಗೊತ್ತಿದ್ದೂ ಈ ಕಡೆ ಯೋಚನೆ ಹರಿದಿರಲಿಲ್ಲ ನೋಡಿ. ಶೇಕಡಾ 1ರ ಬೋರ್ಡೋಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಹದ ಬಂತಾ ಅಂತ ನೋಡೋದಕ್ಕೆ ಉಜ್ಜಿದ ಕತ್ತಿ ಅದ್ದಿ ಹಿಡೀತೀವಿ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ, ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕ್ತೀವಿ. ಆ ಕೆಂಪು ಅಂದರೆ ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಕತ್ತಿ ಮೇಲೆ ಬಂದು ಕೂರುತ್ತೆ, ಅದರ ಬದಲಿಗೆ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತೆ.

ಗ್ಯಾರೇಜಿನವರು: ಕೂತ ತಾಮ್ರ ಸುಮ್ಮನಿರುತ್ತಾ?

ತೋಟದವರು: ಇರಲ್ಲ. ಎರಡು ಲೋಹ ಒಂದಕ್ಕೊಂದು ತಾಗಿ, ಮೇಲೆ ತೇವ ಇದ್ದರೆ ಸಣ್ಣ ಬ್ಯಾಟರಿ ಆದ ಹಾಗೆ. ಪಕ್ಕದ ಕಬ್ಬಿಣ ಇನ್ನೂ ಬೇಗ ಸವೆಯುತ್ತೆ. ಅದಕ್ಕೇ ಮೈಲುತುತ್ತ ಕರಗಿಸೋಕೆ ಕಬ್ಬಿಣದ ಪಾತ್ರೆ ಬಳಸಬೇಡಿ ಅಂತ ತೋಟದ ಆಳುಗಳಿಗೆ ಪ್ರತಿ ವರ್ಷ ನಾನೇ ಹೇಳೋದು. ಪ್ಲಾಸ್ಟಿಕ್ ಡ್ರಮ್ಮಲ್ಲಿ ಕಲಸಿ, ಆ ಡ್ರಮ್ಮನ್ನ ಕಬ್ಬಿಣದ ಗಾಡೀಲಿ ಕುಲುಕಿಸಿಕೊಂಡು ಹೋಗಿ ಚೆಲ್ಲಿಸ್ತೀವಿ!

ಗ್ಯಾರೇಜಿನವರು: ಈಗ ಅಡಿಗೆ ಬಗ್ಗಿ ಟಾರ್ಚ್ ಹಿಡೀರಿ. ಅಲ್ಲಿ ತಿಳಿನೀಲಿ ಕಲೆ ಕಾಣ್ತಾ ಇದೆಯಾ, ಅದು ನಿಮ್ಮ ಡ್ರಮ್ಮಿನದು. ಪಕ್ಕದ ಬೆಸುಗೆ ಗೆರೆ ಆಗಲೇ ಕಂದು ತಿರುಗಿದೆ. ಇದರ ಮೇಲೆ ನಾನು ಇವತ್ತೇ ಕರಿ ಬಳಿದರೆ ಪೊಟ್ಯಾಷು, ತುತ್ತ, ತೇವ ಎಲ್ಲಕ್ಕೂ ಬಾಗಿಲು ಹಾಕಿ ಬೀಗ ಜಡಿದ ಹಾಗೆ. ದುಡ್ಡು ನೀವು ಕೊಟ್ಟಿರುತ್ತೀರಿ.

ತೋಟದವರು: ಮಿಶಿಗನ್‌ನಲ್ಲಿರೋ ನನ್ನ ತಮ್ಮನೂ ಇದನ್ನೇ ಹೇಳ್ತಾನೆ. ಅಲ್ಲಿ ಚಳಿಗಾಲಕ್ಕೆ ಹಿಮ ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರೀತಾರೆ. ಕಾರಿನ ಮೇಲ್ಮೈ ಹೊಸದರ ಹಾಗೇ ಇರುತ್ತೆ, ಅಡಿ ಪುಡಿಪುಡಿ. 2016ರಲ್ಲಿ ಟೊಯೋಟ ಕಂಪನಿ ಅಲ್ಲಿನ ಪಿಕಪ್ಪುಗಳ ಚಾಸಿಸ್ ತುಕ್ಕಿನ ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡು, ಸುಮಾರು 15 ಲಕ್ಷ ಗಾಡಿಗಳನ್ನ ಪರೀಕ್ಷೆ ಮಾಡಿ, ತೂತು ಬಿದ್ದಿದ್ದರೆ ಚಾಸಿಸ್ಸನ್ನೇ ಬದಲಾಯಿಸಿಕೊಡೋದಕ್ಕೆ ಒಪ್ಪಿತಂತೆ.

ಗ್ಯಾರೇಜಿನವರು: ಅವರು ರಸ್ತೆಗೆ ಸುರೀತಾರೆ, ನೀವು ತೋಟಕ್ಕೆ. ಅಲ್ಲಿಯ ಚಾಸಿಸ್ಸುಗಳು ಒಳಗಿಂದ ಹೊರಕ್ಕೆ ಕೊಳೆತವು ಅನ್ನೋದನ್ನ ಗಮನಿಸಿ. ಹಳೇ ಜೀಪಿನ ಚಾಸಿಸ್ ಬಹುಪಾಲು ಒಂದು ಮಗ್ಗುಲು ತೆರೆದ ಚಾನಲ್ಲು. ಕಡ್ಡಿ ಹಾಕಿ ಕೆರೆದರೆ ಕೆಸರು ಬರುತ್ತೆ. ಈಗಿನವು ನಾಲ್ಕೂ ಕಡೆ ಮುಚ್ಚಿದ ಕೊಳವೆ. ಗಟ್ಟಿತನ ಜಾಸ್ತಿ, ಒಳಗೆ ಕೈ ಹೋಗಲ್ಲ. ನೀರು ಇಳಿದುಹೋಗಲಿ ಅಂತ ಕೆಳಗೆ ತೂತು ಬಿಟ್ಟಿರುತ್ತಾರೆ. ಆ ತೂತು ಮುಚ್ಚಿಹೋಯ್ತು ಅನ್ನಿ, ಅಲ್ಲಿಗೆ ಮುಗೀತು. ನೋಡಿ, ನಿಮ್ಮ ಹೊಸ ಗಾಡೀದೇ ಇದು. ತಂತಿ ಹಾಕ್ತೀನಿ.

ತೋಟದವರು: ಅಬ್ಬಾ, ಕೆಮ್ಮಣ್ಣು ರಾಡಿ ಸುರೀತಾ ಇದೆ. ಮಳೆ ಇನ್ನೂ ಶುರುವಾಗಿಲ್ಲ!

ಗ್ಯಾರೇಜಿನವರು: ಹೋದ ವರ್ಷದ್ದು ಅದು. ನಮ್ಮ ಮಣ್ಣು ಜಿಗಟು, ಒಂದು ಸಲ ಹೀರಿದ ತೇವ ಬಿಟ್ಟುಕೊಡಲ್ಲ. ಚಕ್ರದ ಮೇಲಿನ ಕಮಾನಿನ ಮಡಿಕೆ, ಡೀಸೆಲ್ ಟ್ಯಾಂಕಿನ ಗಾರ್ಡಿನ ಒಳಮೈ, ಸ್ಪ್ರಿಂಗ್ ಕೂರೋ ಬಟ್ಟಲು, ಎಂಜಿನ್ ಗಾರ್ಡ್ ಪ್ಲೇಟಿನ ಮೇಲ್ಭಾಗ, ಪ್ಲೇಟ್ ಸ್ಪ್ರಿಂಗ್ ಇದ್ದರೆ ಒಂದೊಂದು ಪ್ಲೇಟಿನ ನಡುವೆ, ಹೀಗೆ ಎಲ್ಲೆಲ್ಲಿ ನೀರಿನ ಪೈಪು ನೇರ ತಾಗಲ್ಲವೋ ಅಲ್ಲೆಲ್ಲ ಈ ಮಣ್ಣು ಕೂತಿರುತ್ತೆ. ಜನ ಚಕ್ರಕ್ಕೆ, ಬಂಪರಿಗೆ ಫೋರ್ಸಾಗಿ ನೀರು ಹೊಡೆದು ತೊಳೆದಾಯ್ತು ಅಂತಾರೆ.

ತೋಟದವರು: ನಮ್ಮ ಡ್ರೈವರ್ ಹುಡುಗ ಸೀದಾ ಹಳ್ಳಕ್ಕೇ ಇಳಿಸಿ ತೊಳೀತಾನೆ. ಬೇಡ ಅಂದರೂ ಕೇಳಲ್ಲ.

ಗ್ಯಾರೇಜಿನವರು: ಅವನಿಗೆ ಈ ಸಲ ನಾನೇ ಹೇಳ್ತೀನಿ. ಹಳ್ಳಕ್ಕೆ ಗ್ರೀಸು, ಆಯಿಲು ಬಿಡೋದು ಒಂದು ಪಾಪ. ಆಕ್ಸಲ್‌ಗೆ ನೀರು ಕುಡಿಸೋದು ಇನ್ನೊಂದು. ಗಾಡಿ ಓಡಿ ಬಂದಾಗ ಆಕ್ಸಲ್ ಒಳಗಿನ ಆಯಿಲೂ ಗಾಳಿಯೂ ಕಾದಿರುತ್ತೆ. ತಣ್ಣೀರಲ್ಲಿ ಇಳಿಸಿದ ತಕ್ಷಣ ಒಳಗಿನ ಗಾಳಿ ಕುಗ್ಗಿ, ಹೊರಗಿಂದ ಎಳೆದುಕೊಳ್ಳುತ್ತೆ. ಅದಕ್ಕಂತ ಬ್ರೀದರ್ ಇದೆ. ಬ್ರೀದರ್ ಕೆಸರಲ್ಲಿ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರೇ ಒಳಗೆ ಬರುತ್ತೆ. ಆಳವಾದ ನೀರು ದಾಟಿ ಬಂದ ಮೇಲೆ ಡಿಫರೆನ್ಷಿಯಲ್ ಪ್ಲಗ್ ಸ್ವಲ್ಪ ಬಿಚ್ಚಿ ನೋಡಿ. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಬದಲಾಯಿಸಬೇಕು. ನಾಳೆ ಅಂದರೆ ಬೇರಿಂಗ್ ಹೋಯ್ತು.

ತೋಟದವರು: ಹಾಗಾದರೆ ತೊಳೆಯೋದು ಹೇಗೆ, ನೀವೇ ಹೇಳಿ.

ಗ್ಯಾರೇಜಿನವರು: ಮೊದಲು ಗಾಡಿ ಆರಲಿ. ಕಾದ ಸೈಲೆನ್ಸರ್, ಬ್ರೇಕ್ ಡಿಸ್ಕ್ ಮೇಲೆ ತಣ್ಣೀರು ಹೊಡೆಯೋದು ಬೇಡ. ಕೆಸರು ಒಣಗಿದ್ದರೆ ಏಕ್‌ದಂ ಪ್ರೆಷರ್ ಹೊಡೀಬೇಡಿ, ಸಂದಿಯ ಒಳಗೇ ತಳ್ಳುತ್ತೆ. ನೆನೆಸಿ. ನಿಮ್ಮ ಮನೆ ಮುಂದೆ ಹುಲ್ಲಿಗೆ ತಿರುಗೋ ಸಣ್ಣ ಸ್ಪ್ರಿಂಕ್ಲರ್ ಇದೆಯಲ್ಲ, ಅದನ್ನ ಗಾಡಿ ಅಡಿಗೆ ಇಟ್ಟು ಒಂದು ಗಂಟೆ ಬಿಡಿ. ಕಾಫಿ ಹೂವಿಗೆ ಹಾಯಿಸೋ ಜೆಟ್ ಅಲ್ಲ ಮತ್ತೆ, ಆ ಹುಡುಗ ಅದನ್ನೇ ತಂದಿಟ್ಟಾನು.

ತೋಟದವರು: ಗಾಡೀನೇ ಮಗುಚುತ್ತೆ ಅದು!

ಗ್ಯಾರೇಜಿನವರು: ನೆಂದ ಮಣ್ಣನ್ನ ಮರದ ಕಡ್ಡೀಲಿ ಕೆರೆದು ತೆಗೀರಿ. ಕಬ್ಬಿಣದ್ದು ಹಾಕಿದರೆ ಕಂಪನಿ ಪೇಂಟ್ ಎದ್ದುಬರುತ್ತೆ. ಆಮೇಲೆ ಪೈಪು. ಚಾಸಿಸ್ ಒಳಗೆ ಮೇಲಿನ ತೂತಿಂದ ಸಾದಾ ಪೈಪಲ್ಲಿ ನೀರು ಬಿಟ್ಟು ಕೆಳಗಿನ ತೂತಿಂದ ತಿಳಿನೀರು ಬರೋವರೆಗೂ ಹರಿಸಿ. ಅಲ್ಲಿ ಪ್ರೆಷರಿಗಿಂತ ನೀರಿನ ಪ್ರಮಾಣ ಮುಖ್ಯ. ಪ್ರೆಷರ್ ಗನ್ ಹಿಡಿದರೂ ಸೀಲು, ಬ್ರೀದರು, ವೈರಿನ ಸಾಕೆಟ್ಟು, ಆಲ್ಟರ್ನೇಟರು, ರೇಡಿಯೇಟರಿನ ಜಾಲರಿ ಇವುಗಳ ಮೇಲೆ ನೇರ ಹಿಡೀಬಾರದು. ಒಳಗೆ ಮ್ಯಾಟ್ ಎತ್ತಿ, ಪೊಟ್ಯಾಷ್ ಚೆಲ್ಲಿದ ಜಾಗ ಒದ್ದೆ ಬಟ್ಟೇಲಿ ಒರೆಸಿ. ನೆಲದಲ್ಲಿರೋ ರಬ್ಬರ್ ಬಿರಡೆ ತೆಗೆದು ನೀರು ಇಳಿಸಿ, ಒಣಗಿದ ಮೇಲೆ ಮರೆಯದೆ ಹಾಕಿ. ತೊಳೆದಾದ ಕೂಡಲೇ ಗಾಡಿ ಶೆಡ್ಡಿಗೆ ಹಾಕಬೇಡಿ. ಒಂದು ಸುತ್ತು ಓಡಿಸಿ, ಬ್ರೇಕ್ ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ನಿಪ್ಪಲ್ ಇದ್ದರೆ ಹಳೇ ಗ್ರೀಸು, ನೀರು ಹೊರಗೆ ಬರೋವರೆಗೂ ಹೊಸ ಗ್ರೀಸ್ ಪಂಪ್ ಮಾಡಿಸಿ. ಅಡಿಗೆ ಹೋಗೋವಾಗ ಬರೀ ಜಾಕ್ ನಂಬಿ ಯಾರನ್ನೂ ಬಿಡಬೇಡಿ. ಸ್ಟ್ಯಾಂಡ್ ಇರಬೇಕು, ಚಕ್ರಕ್ಕೆ ಅಡ್ಡ ಕಲ್ಲು ಇರಬೇಕು. ಇದರಲ್ಲಿ ರಾಜಿ ಇಲ್ಲ.

ತೋಟದವರು: ಇದೆಲ್ಲ ಮಳೆಗಾಲದ ಮಾತಾಯ್ತು. ಬೇಸಿಗೆಯಲ್ಲಿ ಸುಮ್ಮನಿರಬಹುದಾ?

ಗ್ಯಾರೇಜಿನವರು: ಬೇಸಿಗೇಲಿ ಬೇರೆ ಭಯ. ತರಗು, ಒಣಹುಲ್ಲು ಹೋಗಿ ಸೈಲೆನ್ಸರ್ ಮೇಲಿನ ತಗಡಿನ ಸಂದೀಲಿ ಸಿಕ್ಕಿಕೊಳ್ಳುತ್ತೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದೆ. ಅದು ಆಗಾಗ ತನ್ನ ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ. ಆಗ ಒಳಗಿನ ಬಿಸಿ 600 ಡಿಗ್ರಿ ಸುತ್ತಮುತ್ತ ಹೋಗುತ್ತೆ. ಆ ಹೊತ್ತಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ ಗುಡ್ಡಕ್ಕೇ ಬೆಂಕಿ ಬಿದ್ದೀತು. ಹಾಗಾಗಿ ಬೇಸಿಗೇಲಿ ನೀರಿಲ್ಲದಿದ್ದರೂ ಬಗ್ಗಿ ನೋಡಿ ಕಡ್ಡಿಕಸ ಎಳೆದು ಹಾಕಬೇಕು.

ತೋಟದವರು: ಇಷ್ಟೆಲ್ಲ ತೊಳೆದ ಮೇಲಾದರೂ ಏನಾದರೂ ಬಳೀತೀರೋ, ಅಥವಾ ಭಾಷಣ ಮಾತ್ರವೋ?

ಗ್ಯಾರೇಜಿನವರು: ಬಳೀತೀನಿ. ಈ ಹೊಸ ಗಾಡಿಯ ಬಾಡಿಯನ್ನ ಕಾರ್ಖಾನೇಲೇ ಪ್ರೈಮರ್ ತೊಟ್ಟೀಲಿ ಮುಳುಗಿಸಿ, ಕರೆಂಟ್ ಹರಿಸಿ ಪದರ ಕೂರಿಸಿರುತ್ತಾರೆ. ಅದಕ್ಕಿಂತ ಒಳ್ಳೇ ಪದರ ನನ್ನ ಕೈಯಲ್ಲಿ ಆಗಲ್ಲ. ಅದು ಎಲ್ಲಿ ಕೆರೆದುಹೋಗಿದೆಯೋ ಅಲ್ಲಿ ಮಾತ್ರ ನನ್ನ ಕೆಲಸ. ತಂತಿ ಬ್ರಷ್ಷಲ್ಲಿ ಸಡಿಲ ತುಕ್ಕು ತೆಗೆದು, ತುಕ್ಕು ಮಾರ್ಪಡಿಸೋ ದ್ರಾವಣ ಹಚ್ಚಿ, ಸತುವಿನ ಪ್ರೈಮರ್ ಹೊಡೆದು, ಮೇಲೊಂದು ಚಾಸಿಸ್ ಪೇಂಟ್.

ತೋಟದವರು: ತುಕ್ಕು ಮಾರ್ಪಡಿಸೋದು ಅಂದರೆ?

ಗ್ಯಾರೇಜಿನವರು: ಅಡಿಕೆ ಬೇಯಿಸಿದ ಚೊಗರು ತಾಗಿದ ಕತ್ತಿ ಯಾಕೆ ಕಪ್ಪಾಗುತ್ತೆ?

ತೋಟದವರು: ಚೊಗರಲ್ಲಿ ಟ್ಯಾನಿನ್ ಇದೆ, ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತೆ. ಓಹೋ, ನಿಮ್ಮ ಡಬ್ಬೀಲಿರೋದೂ ಅದೇನಾ?

ಗ್ಯಾರೇಜಿನವರು: ಕೆಲವದರಲ್ಲಿ ಟ್ಯಾನಿಕ್ ಆಮ್ಲ, ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ. ಉಳಿದ ಕೆಂಪು ತುಕ್ಕು ಕರೀ ಪದರ ಆಗಿ ಕೂರುತ್ತೆ. ಹಾಗಂತ ಮನೆಯಿಂದ ಚೊಗರು ತಂದು ಬಳೀಬೇಡಿ. ಅದರಲ್ಲಿ ಇನ್ನೂ ಏನೇನೋ ಇರುತ್ತೆ, ಹದ ಗೊತ್ತಿಲ್ಲ. ಚಾಸಿಸ್ ಒಳಗಿನ ಟೊಳ್ಳಿಗೆ ಉದ್ದ ಮೂತಿಯ ಪೈಪಲ್ಲಿ ಮೇಣದ ಸ್ಪ್ರೇ. ಅದು ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತೆ, ಸಣ್ಣ ಗೀರು ಬಿದ್ದರೆ ಹರಿದು ಮುಚ್ಚಿಕೊಳ್ಳುತ್ತೆ. ಹೊರಗೂ ನನ್ನ ಕೇಳಿದರೆ ಮೇಣದ್ದೋ, ಕುರಿ ಉಣ್ಣೆಯ ಜಿಡ್ಡಿನಿಂದ ಮಾಡೋ ಲ್ಯಾನೋಲಿನ್ನಿದ್ದೋ, ಕಣ್ಣಿಗೆ ಒಳಗಿನ ಕಬ್ಬಿಣ ಕಾಣೋ ಅಂಥದ್ದೇ ವಾಸಿ. ವರ್ಷ ವರ್ಷ ಹೊಡೀಬೇಕು, ಅದು ನಿಜ. ಆದರೆ ವರ್ಷಕ್ಕೊಂದು ಸಲವಾದರೂ ಒಬ್ಬ ಮನುಷ್ಯ ಅಡಿಗೆ ಹೋಗಿ ನೋಡಿದ ಹಾಗಾಯ್ತಲ್ಲ.

ತೋಟದವರು: ಅಂದರೆ ಡಾಂಬರಿನ ಕರಿ ಯಾರಿಗೂ ಬೇಡ ಅಂತಲೇ?

ಗ್ಯಾರೇಜಿನವರು: ಹಾಗೆ ತಳ್ಳಿಹಾಕಲ್ಲ. ಚಕ್ರದ ಕಮಾನಿನ ಒಳಮೈಗೆ, ಕಲ್ಲು ಸಿಡಿಯೋ ಕಡೆ, ರಬ್ಬರು ಬೆರೆತ ದಪ್ಪ ಕೋಟಿಂಗು ಉಪಯೋಗಕ್ಕೆ ಬರುತ್ತೆ, ಸದ್ದೂ ಕಡಿಮೆ ಆಗುತ್ತೆ. ಹೊಸ, ಒಣ, ಚೊಕ್ಕ ತಗಡಿನ ಮೇಲೆ ಹೊಡೆದಿದ್ದರೆ ಮಾತ್ರ. ಯಾವುದನ್ನೇ ಹೊಡೀಲಿ, ಸೈಲೆನ್ಸರಿಗೆ, ಬ್ರೇಕ್ ಡಿಸ್ಕು ಡ್ರಮ್ಮಿಗೆ, ಬ್ರೇಕ್ ಹೋಸಿಗೆ, ರಬ್ಬರ್ ಬುಷ್ಷಿಗೆ, ಚಕ್ರದ ಸೆನ್ಸರಿಗೆ, ಬ್ರೀದರಿಗೆ, ನೀರು ಇಳಿಯೋ ತೂತಿಗೆ ತಾಗಬಾರದು. ಪ್ರೊಪೆಲ್ಲರ್ ಶಾಫ್ಟಿಗೆ ದಪ್ಪಗೆ ಬಳಿದರೆ ತೂಕ ಏರುಪೇರಾಗಿ ಗಾಡಿ ಅದುರುತ್ತೆ. ಎರಡು ಗಂಟೇಲಿ ಎಲ್ಲ ಮುಗಿಸಿಕೊಡ್ತೀವಿ ಅನ್ನೋರು ಇವನ್ನೆಲ್ಲ ಟೇಪ್ ಸುತ್ತಿ ಮುಚ್ಚಿರಲ್ಲ, ಎಲ್ಲದರ ಮೇಲೂ ಒಂದೇ ಸಮನೆ ಎರಚಿರುತ್ತಾರೆ. ತೂತು ಕೊರೆದು ಕೋಟಿಂಗ್ ತುಂಬಿಸ್ತೀವಿ ಅಂದರೆ ಮೊದಲು ವಾರಂಟಿ ಪುಸ್ತಕ ಓದಿ ನೋಡಿ.

ತೋಟದವರು: ಸರಿ. ಈಗ ತೊಳೆದು, ಒರೆಸಿ, ನಾಳೆಯೇ ಆ ಮೇಣದ್ದು ಹೊಡೆದುಬಿಡಿ.

ಗ್ಯಾರೇಜಿನವರು: ಮೋಡ ನೋಡಿದ್ದೀರಾ? ಗಾಳೀಲಿ ಎಷ್ಟು ತೇವ ಇದೆ. ಚಾಸಿಸ್ ಒಳಗೆ ಒಣಗಬೇಕಾದರೆ ಎರಡು ಮೂರು ದಿನ ಗಟ್ಟಿ ಬಿಸಿಲು ಬೇಕು. ಮೇ ಕೊನೇಲಿ ಅದನ್ನ ಎಲ್ಲಿಂದ ತರಲಿ? ಎಲ್ಲರಿಗೂ ಈಗಲೇ ನೆನಪಾಗೋದು. ಈ ಕೆಲಸದ ಕಾಲ ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಹೂಮಳೆ ಬೀಳೋ ಮುಂಚೆ.

ತೋಟದವರು: ಆಗ ನಮಗೂ ಸ್ವಲ್ಪ ಬಿಡುವು, ಕೈಯಲ್ಲಿ ಕಾಸೂ ಇರುತ್ತೆ. ಅಲ್ಲಿಯವರೆಗೆ ಏನು ಮಾಡಲಿ? ಬೋರ್ಡೋ ನಿಲ್ಲಿಸೋಕಾಗಲ್ಲ, ಕೊಳೆರೋಗ ಬಂದರೆ ಅಡಿಕೆಯೇ ಹೋಯ್ತು.

ಗ್ಯಾರೇಜಿನವರು: ಬೋರ್ಡೋ ಯಾಕೆ ನಿಲ್ಲಿಸ್ತೀರಿ, ಡ್ರಮ್ಮು ಹೇರೋದು ನಿಲ್ಲಿಸಿ. ತುತ್ತ ಚೀಲದಲ್ಲೇ ಒಯ್ದು ನೀರಿನ ಹತ್ತಿರ ಕಲಸಿ. ಗೊಬ್ಬರದ ಚೀಲದಡಿಗೆ ಒಂದು ದಪ್ಪ ಟಾರ್ಪಲ್ ಹಾಸಿ, ಕೆಲಸ ಮುಗಿದ ಮೇಲೆ ಅದನ್ನ ಹೊರಗೆ ಎಳೆದು ಕೊಡವಿ. ಕರಾವಳಿ ಕಡೆ ಹೋಗಿ ಮರಳಿಗೆ ಇಳಿದು ಬಂದರೆ ಅವತ್ತೇ ರಾತ್ರಿ ಸಿಹಿನೀರು ಹಾಯಿಸಿ, ಬೆಳಿಗ್ಗೆಗೆ ಅಂತ ಇಡಬೇಡಿ. ಮಳೇಲಿ ಎರಡು ಮೂರು ವಾರಕ್ಕೊಮ್ಮೆ ಅಡಿ ತೊಳೆಸಿ, ತಂತಿ ಹಾಕಿ ತೂತು ಬಿಡಿಸಿ. ಆ ಬೆಸುಗೆ ಗೆರೆ ಇವತ್ತು ನಾನು ಉಜ್ಜಿ ಪ್ರೈಮರ್ ಹಚ್ಚಿ ಕೊಡ್ತೀನಿ.

ತೋಟದವರು: ಅದಕ್ಕೆಷ್ಟು?

ಗ್ಯಾರೇಜಿನವರು: ಕೂಲಿ, ಪ್ರೈಮರ್ ದುಡ್ಡು ಅಷ್ಟೇ. ಕರಿ ಹೊಡೆಸೋಕೆ ಅಂತ ತಂದ ದುಡ್ಡಲ್ಲಿ ಒಂದು ಜೊತೆ ಜಾಕ್ ಸ್ಟ್ಯಾಂಡು, ಉದ್ದದ ಪೈಪು, ಒಳ್ಳೇ ಟಾರ್ಚು ತಗೊಂಡು ಹೋಗಿ. ಫೆಬ್ರವರಿ, ಮಾರ್ಚಲ್ಲಿ ಬರೋವಾಗ ತೊಳೆದು, ಬಿಸಿಲಿಗೆ ನಿಲ್ಲಿಸಿ, ಒಣಗಿಸಿಕೊಂಡೇ ತನ್ನಿ. ಮಣ್ಣು ಮೆತ್ತಿದ ಗಾಡಿಗೆ ನಾನು ಏನನ್ನೂ ಬಳಿಯಲ್ಲ.